ಅತ್ತೆ ಸೇರಿಸಿದ ಪ್ರಶ್ನೆ

ನನ್ನ ಸೋದರತ್ತೆ ಪ್ರಯೋಗಾಲಯಕ್ಕೆ ಸೇರಿದ್ದು ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ. ಆಗ ಅವಳಿಗೆ ಇಪ್ಪತ್ತಮೂರು ವರ್ಷ. ಸೀಸೆ, ಕೊಳವೆ, ತಟ್ಟೆಗಳನ್ನು ಉಜ್ಜಿ ತೊಳೆದು, ಶುದ್ಧ ಮಾಡಿದ ನೀರಿನಲ್ಲಿ ಅದ್ದಿ ತೆಗೆದು, ಒಣಗಿಸಿ ಇಡಬೇಕು. ಅಷ್ಟೇ ಕೆಲಸ. ಬೇರೆಯವರಾಗಿದ್ದರೆ ತೊಳೆದಿಟ್ಟು ಮನೆಗೆ ಹೋಗುತ್ತಿದ್ದರು. ಅತ್ತೆ ಮಾತ್ರ ತಾನು ತೊಳೆದ ತಟ್ಟೆಗಳಲ್ಲಿ ಇವರೆಲ್ಲ ಏನು ಬೆಳೆಸುತ್ತಾರೆ ಎಂದು ವಿಚಾರಿಸಿದಳು. ವಿಚಾರಿಸಿದ ತಪ್ಪಿಗೆ ಒಬ್ಬರು ಅವಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ತೋರಿಸಿಯೂಬಿಟ್ಟರು. ಆವತ್ತು ಕೂತವಳು ಇವತ್ತಿಗೂ ಎದ್ದಿಲ್ಲ ಎಂದೇ ಹೇಳಬೇಕು. ನನಗೆ ಬುದ್ಧಿ ಬರುವ ಹೊತ್ತಿಗೆ ಜೀವಕೋಶಗಳನ್ನು ಬೆಳೆಸುವುದರಲ್ಲಿ ಅವಳನ್ನು ಮೀರಿಸುವವರು ಅಲ್ಲಿರಲಿಲ್ಲ. ಸಂಶೋಧನೆಗೆ ಬಂದ ವಿದ್ಯಾರ್ಥಿಗಳೆಲ್ಲ ಮೊದಲು ಅವಳ ಕೈಕೆಳಗೆ ಪಳಗಬೇಕಿತ್ತು. ಪ್ರಯೋಗಾಲಯದ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಆ ಮೇಡಂ ಅತ್ತೆಯನ್ನು ಅಕ್ಕ ಎನ್ನುತ್ತಿದ್ದರು.

ಅಮ್ಮ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆಗೇ ಬಂದು ಇದ್ದಳು. ಮನೆಯಲ್ಲಿ ಮೂವರೇ. ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಅಪ್ಪ ಅಂಗಡಿಗಳ ಬೋರ್ಡು ಬರೆಯುವವನು. ಊರಿನ ಅರ್ಧ ಅಂಗಡಿಗಳ ನೆತ್ತಿಯ ಮೇಲೆ ಅವನ ಕೈಬರಹವೇ ಇತ್ತು. ಅಚ್ಚು ಹಾಕಿ ಬರೆಯುವವರನ್ನು, ಪ್ಲಾಸ್ಟಿಕ್ ಹಾಳೆ ಅಂಟಿಸುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಏಣಿ ಹತ್ತಿ, ಎಡಗೈಯಲ್ಲಿ ಕೋಲು ಒರಗಿಸಿ, ಅದರ ಮೇಲೆ ಬಲಗೈ ಊರಿ, ಉಸಿರು ಬಿಗಿಹಿಡಿದು ಒಂದೇ ಎಳೆತದಲ್ಲಿ ಅಕ್ಷರದ ಹೊಟ್ಟೆ ತಿರುಗಿಸುತ್ತಿದ್ದ. ಕೆಳಗೆ ನಿಂತವರ ಉಸಿರೂ ನಿಂತಿರುತ್ತಿತ್ತು.

ಚಿಕ್ಕಂದಿನಿಂದ ಎಲ್ಲವನ್ನೂ ಕಣ್ಣಿಗೆ ಹಿಡಿದು ನೋಡುತ್ತಿದ್ದ ತಂಗಿಗೆ ಅವನು ಇಟ್ಟಿದ್ದ ಹೆಸರು ಭೂತಗನ್ನಡಿ.

"ಏನೇ ಭೂತಗನ್ನಡಿ, ಇವತ್ತೆಷ್ಟು ಕಸ ನೋಡಿ ಬಂದೆ?" ಎಂದು ದಿನಾ ಸಂಜೆ ಕೇಳುವನು.

"ಕಸ ನೋಡೋಕೆ ಅಷ್ಟು ದೂರ ಯಾಕೆ ಹೋಗ್ಲಿ? ನಿನ್ನ ರೂಮಿನ ಬಾಗಿಲು ತೆಗೆದ್ರೆ ಸಾಕಲ್ಲ," ಎನ್ನುವಳು ಅತ್ತೆ.

ಕಸ ಎಂಬುದು ಬರೀ ತಮಾಷೆಯಲ್ಲ. ಆ ಪ್ರಯೋಗಾಲಯದಲ್ಲಿ ನಡೆಯುತ್ತಿದ್ದುದೇ ಅದರ ಅಧ್ಯಯನ. ಒಮ್ಮೆ ಅತ್ತೆ ನನಗೆ ಕೂರಿಸಿ ಹೇಳಿದ್ದಳು.

"ನೋಡು, ನಮ್ಮ ಮೈಯಲ್ಲಿರೋ ಒಂದೊಂದು ಜೀವಕೋಶದೊಳಗೂ ಸವೆದ ಭಾಗ, ಕೆಟ್ಟುಹೋದ ಪ್ರೋಟೀನು ಅಂತ ದಿನಾ ಬೀಳ್ತಾನೇ ಇರುತ್ತೆ. ಒಂದು ತೆಳ್ಳನೆ ಪೊರೆ ಬಂದು ಅದನ್ನ ಸುತ್ತಿ ಗಂಟು ಕಟ್ಟುತ್ತೆ. ಆ ಗಂಟು ಹೋಗಿ ಇನ್ನೊಂದು ಚೀಲಕ್ಕೆ ಸೇರುತ್ತೆ. ಆ ಚೀಲದ ತುಂಬ ಹುಳಿ. ಅದರಲ್ಲಿ ಎಲ್ಲಾ ಕರಗಿ ಬಿಡಿಬಿಡಿಯಾಗುತ್ತೆ. ಕೋಶ ಅದನ್ನೇ ತಗೊಂಡು ಹೊಸದನ್ನ ಕಟ್ಟಿಕೊಳ್ಳುತ್ತೆ. ಹೊರಗಿಂದ ಊಟ ಬರದೇ ಹೋದ್ರೆ ಆವತ್ತಿಗೆ ಅದೇ ಊಟ. ಯಾರೂ ಹೇಳಿಕೊಡಲಿಲ್ಲ, ಯಾರೂ ಮೇಲ್ವಿಚಾರಣೆ ಮಾಡಲ್ಲ. ಮೂವತ್ತು ವರ್ಷ ನೋಡಿದೀನಿ, ಇನ್ನೂ ನೋಡಿದಾಗೆಲ್ಲ ಬಾಯಿ ಬಿಟ್ಟುಕೊಂಡು ಕೂರ್ತೀನಿ."

ಅವಳು ಹೇಳುವಾಗ ನನ್ನ ಗಮನ ಕೋಶದ ಮೇಲಿರಲಿಲ್ಲ, ಅವಳ ಮುಖ ನೋಡುತ್ತಿದ್ದೆ.

ಅಪ್ಪನಿಗೆ ಅರವತ್ತೆರಡು ತುಂಬಿದ ವರ್ಷ ಅವನ ಕೈ ಅವನಿಗೇ ಕೈಕೊಟ್ಟಿತು. ಮೊದಲು ಬಲಗೈಯ ಹೆಬ್ಬೆರಳು ಸುಮ್ಮನೆ ಕೂತಿದ್ದಾಗ ಅಲುಗತೊಡಗಿತು, ಮಾತ್ರೆ ಉರುಳಿಸುವ ಹಾಗೆ. ಆಮೇಲೆ ಅಕ್ಷರಗಳು ಸಾಲಿನ ಕೊನೆಗೆ ಹೋದಂತೆ ಚಿಕ್ಕದಾಗತೊಡಗಿದವು. ಒಂದು ಔಷಧಿ ಅಂಗಡಿಯ ಬೋರ್ಡನ್ನು ಮೂರು ಸಲ ಅಳಿಸಿ ಬರೆದ. ನಾಲ್ಕನೇ ಸಲ ಏಣಿಯಿಂದ ಇಳಿದು, ಅಂಗಡಿಯವನಿಗೆ ಏನೂ ಹೇಳದೆ, ಸಾಮಾನೆಲ್ಲ ಅಲ್ಲೇ ಬಿಟ್ಟು ನಡೆದು ಮನೆಗೆ ಬಂದ. ಡಬ್ಬಿ, ಬ್ರಷ್ಷುಗಳನ್ನು ನಾನು ಹೋಗಿ ತಂದೆ.

ನರರೋಗದ ವೈದ್ಯರು ಕೈ ಹಿಡಿದು ಮಡಿಸಿ, ಬಿಡಿಸಿ, ನಡೆಸಿ ನೋಡಿದರು. ನಡುಕದ ಕಾಯಿಲೆ, ಗುಣವಾಗುವುದಿಲ್ಲ, ಮಾತ್ರೆಯಿಂದ ಹತೋಟಿಯಲ್ಲಿಡಬಹುದು ಎಂದರು. ಮನೆಗೆ ಬಂದ ಮೇಲೆ ಅಪ್ಪ ತಂಗಿಯನ್ನು ನೇರವಾಗಿ ಕೇಳಿದ.

"ಇದು ನಿನ್ನ ಕಸದ ಕಾಯಿಲೆನೇನೇ?"

"ಹೌದಣ್ಣ," ಎಂದಳು ಅತ್ತೆ. ಸುಳ್ಳು ಸಮಾಧಾನ ಹೇಳುವುದು ಅವಳಿಗೆ ಬರುತ್ತಿರಲಿಲ್ಲ. "ಬೇರೆ ಕೋಶಗಳು ಒಂದು ಎರಡಾಗಿ ಒಡೆದು ತಮ್ಮ ಹೊರೆ ಹಂಚಿಕೊಳ್ತವೆ. ಮಿದುಳಿನ ನರಕೋಶ ಹಾಗಲ್ಲ. ಹುಟ್ಟಿದಾಗಿಂದ ಅದೇ ಒಂದು. ಒಳಗಿನ ಕಸ ತಾನೇ ತೆಗೀಬೇಕು. ವಯಸ್ಸಾಗ್ತಾ ತೆಗೆಯೋದು ನಿಧಾನ ಆಗುತ್ತೆ, ಪ್ರೋಟೀನು ಉಂಡೆ ಕಟ್ಟುತ್ತೆ, ಕೋಶ ಸಾಯುತ್ತೆ. ಎಲ್ಲಾ ಇಷ್ಟೇ ಅಂತ ಅಲ್ಲ, ಇನ್ನೂ ಬೇರೆ ಕಾರಣಗಳಿರಬಹುದು. ಆದ್ರೆ ಇದಂತೂ ಇದೆ."

"ಹಾಗಿದ್ರೆ ಗುಡಿಸಿ ಹಾಕೋ ಔಷಧಿ ಕಂಡುಹಿಡೀರಿ. ಮೂವತ್ತು ವರ್ಷ ಏನು ಮಾಡ್ತಿದ್ರಿ?"

ಅಂಥದೊಂದು ಔಷಧಿಯ ಕೆಲಸ ಆಗಲೇ ನಡೆದಿತ್ತು. ಕೋಶದ ಕಸ ತೆಗೆಯುವ ಕೆಲಸವನ್ನು ಚುರುಕು ಮಾಡುವ ಮದ್ದು ಅದು. ತಟ್ಟೆಯಲ್ಲಿ ಬೆಳೆಸಿದ ನರಕೋಶಗಳಿಗೆ ಕೊಟ್ಟಾಗ ಉಂಡೆಗಳು ಕರಗಿದ್ದವು, ಇಲಿಗಳಲ್ಲೂ ಫಲ ಕಂಡಿತ್ತು. ಪಕ್ಕದ ಆಸ್ಪತ್ರೆಯಲ್ಲಿ ಮನುಷ್ಯರ ಮೇಲೆ ಪರೀಕ್ಷೆ ಶುರುಮಾಡಲು ಕಾಗದಪತ್ರ ತಯಾರಾಗುತ್ತಿತ್ತು. ಮೇಡಂ ಹತ್ತು ವರ್ಷದಿಂದ ಅದನ್ನೇ ಉಸಿರಾಡಿದವರು. ಅತ್ತೆಯೂ ಅಷ್ಟೇ. ಈಗ ಮನೆಯಲ್ಲೇ ಒಬ್ಬ ರೋಗಿ ಬೇರೆ.

ಅಂಥ ಹೊತ್ತಿನಲ್ಲಿ ಅತ್ತೆಯ ಕಣ್ಣಿಗೆ ಒಂದು ತಟ್ಟೆ ಬಿತ್ತು.

ಹೋಲಿಸಿ ನೋಡಲಿಕ್ಕೆಂದು ಕ್ಯಾನ್ಸರ್ ಗೆಡ್ಡೆಯ ಕೋಶಗಳನ್ನೂ ಅಲ್ಲಿ ಬೆಳೆಸುತ್ತಿದ್ದರು. ಒಂದು ಪ್ರಯೋಗಕ್ಕಾಗಿ ಅವನ್ನು ಮೂರು ದಿನ ಉಪವಾಸ ಕೆಡವಿದ್ದರು. ಮದ್ದು ಹಾಕದ ತಟ್ಟೆಯಲ್ಲಿ ಕೋಶಗಳು ಮುದುಡಿ, ತಳ ಬಿಟ್ಟು ತೇಲುತ್ತಿದ್ದವು, ಅಂದರೆ ಸತ್ತಿದ್ದವು. ಮದ್ದು ಹಾಕಿದ ತಟ್ಟೆಯಲ್ಲಿ ಅರ್ಧಕ್ಕರ್ಧ ಇನ್ನೂ ಚಪ್ಪಟೆಯಾಗಿ ತಳ ಕಚ್ಚಿಕೊಂಡು ಕೂತಿದ್ದವು. ಅದನ್ನು ನೋಡಬೇಕೆಂದು ಯಾರೂ ಹೇಳಿರಲಿಲ್ಲ. ಪ್ರಯೋಗದ ಪ್ರಶ್ನೆಯೇ ಬೇರೆ ಇತ್ತು. ಎಸೆಯುವ ಮುನ್ನ ಒಮ್ಮೆ ನೋಡುವುದು ಅತ್ತೆಯ ಅಭ್ಯಾಸ, ನೋಡಿದಳು.

ಮರುದಿನ ಮೇಡಂಗೆ ಹೇಳಿದಳು. ಮೇಡಂ ಮೊದಲು ನಂಬಲಿಲ್ಲವಂತೆ. "ಅಕ್ಕಾ, ಊಟದ ದ್ರವ ಸ್ವಲ್ಪ ಉಳಿದುಕೊಂಡಿರಬೇಕು," ಎಂದರಂತೆ.

"ಉಳಿಸೋಳಲ್ಲ ನಾನು. ಆದ್ರೂ ಇನ್ನೊಂದ್ಸಲ ಮಾಡೋಣ. ಈ ಸಲ ಯಾವ ತಟ್ಟೆ ಯಾವುದು ಅಂತ ನನಗೂ ಗೊತ್ತಿರೋದು ಬೇಡ, ನಿಮಗೂ ಬೇಡ. ಬೇರೆ ಯಾರಾದ್ರೂ ಗುರುತು ಹಾಕ್ಲಿ, ನಾನು ಎಣಿಸ್ತೀನಿ."

ಮೂರು ಸಲ ಮಾಡಿದರು. ಮೂರು ಸಲವೂ ಅದೇ ಕತೆ. ಮೂರನೇ ಸಲ ಕಸ ತೆಗೆಯುವ ಕೆಲಸವನ್ನೇ ತಡೆಯುವ ಇನ್ನೊಂದು ರಾಸಾಯನಿಕವನ್ನೂ ಹಾಕಿ ನೋಡಿದರು. ಆಗ ಗೆಡ್ಡೆಯ ಕೋಶಗಳು ಸರಸರನೆ ಸತ್ತವು. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ. ಉಪವಾಸ ಬಿದ್ದ ಕ್ಯಾನ್ಸರ್ ಕೋಶ ತನ್ನ ಕಸವನ್ನೇ ತಿಂದು ಬದುಕುತ್ತಿತ್ತು, ಇವರ ಮದ್ದು ಅದಕ್ಕೆ ಊಟ ಬಡಿಸುತ್ತಿತ್ತು.

ಮೇಡಂ ಬಾಗಿಲು ಹಾಕಿಕೊಂಡು ಒಂದು ಗಂಟೆ ಒಳಗೆ ಕೂತಿದ್ದರಂತೆ. ಹೊರಗೆ ಬಂದು, "ಅಕ್ಕಾ, ಮುಚ್ಚಿಡೋ ಹಾಗಿಲ್ಲ ಅಲ್ವಾ," ಎಂದರಂತೆ. ಅದು ಪ್ರಶ್ನೆಯಾಗಿರಲಿಲ್ಲ. ಆ ದಿನವೇ ಆಸ್ಪತ್ರೆಗೆ ಬರೆದರು. ಪರೀಕ್ಷೆ ನಾಲ್ಕು ತಿಂಗಳು ಮುಂದಕ್ಕೆ ಹೋಯಿತು. ಸೇರುವವರು ತುಂಬುವ ಅರ್ಜಿಯಲ್ಲಿ ಒಂದು ಹೊಸ ಪ್ರಶ್ನೆ ಸೇರಿತು: ಮೈಯಲ್ಲಿ ಎಲ್ಲಾದರೂ ಗಂಟು, ವಾಸಿಯಾಗದ ಹುಣ್ಣು, ಕಾರಣವಿಲ್ಲದೆ ರಕ್ತ ಹೋಗುವುದು ಇದೆಯೇ? ಇದ್ದರೆ ಮೊದಲು ಅದನ್ನು ತೋರಿಸಿ ಬರಬೇಕು, ಕ್ಯಾನ್ಸರ್ ಇದ್ದವರಿಗೆ ಈ ಮದ್ದಿಲ್ಲ. ಮೇಡಂ ಅದನ್ನು ಪ್ರಯೋಗಾಲಯದಲ್ಲಿ ಓದಿ ಹೇಳಿದಾಗ ಅತ್ತೆ, "ಅಕ್ಷರ ಇನ್ನೂ ಸ್ವಲ್ಪ ದಪ್ಪ ಹಾಕ್ಸಿ ಮೇಡಂ, ವಯಸ್ಸಾದವರು ಓದೋದು," ಎಂದಷ್ಟೇ ಹೇಳಿದಳಂತೆ.

ಪರೀಕ್ಷೆ ಶುರುವಾಗುತ್ತದೆಂದು ಗೊತ್ತಾದ ದಿನ ಅಪ್ಪ ಮಗುವಿನಂತೆ ಕುಣಿದ. ಅರ್ಜಿ ತಂದು ತಾನೇ ತುಂಬಿದ. ಕೈ ನಡುಗಿದರೂ ನನಗೆ ಕೊಡಲಿಲ್ಲ. ರಕ್ತ, ಮೂತ್ರ ಪರೀಕ್ಷೆಗಳೆಲ್ಲ ಸರಿಯಾಗಿವೆ ಎಂದು ಆಸ್ಪತ್ರೆಯವರು ಹೇಳಿದರು. ಮೊದಲ ಮಾತ್ರೆ ಕೊಡಲು ಎರಡು ವಾರ ಬಿಟ್ಟು ಬರಹೇಳಿದರು.

ಆ ಎರಡು ವಾರದ ನಡುವೆ ಒಂದು ಭಾನುವಾರ ಅತ್ತೆ ಬಟ್ಟೆ ಒಗೆಯಲು ಹಾಕುತ್ತಿದ್ದಳು. ಅಪ್ಪನ ಪೈಜಾಮ ಕೈಯಲ್ಲಿ ಹಿಡಿದು ಅಡುಗೆಮನೆಗೆ ಬಂದಳು. ನಾನು ಚಹಾ ಸೋಸುತ್ತಿದ್ದೆ, ಅಪ್ಪ ಪತ್ರಿಕೆ ಓದುತ್ತಿದ್ದ.

"ಅಣ್ಣ, ಇದೇನು ಕಲೆ?"

"ಬಣ್ಣ ಕಣೇ. ಕೆಂಪು ಬಣ್ಣ."

"ಕೆಂಪು ಡಬ್ಬಿ ಮುಚ್ಚಳ ತೆಗೆದು ಎಷ್ಟು ತಿಂಗಳಾಯ್ತು?"

ಅಪ್ಪ ಪತ್ರಿಕೆಯ ಹಾಳೆ ತಿರುಗಿಸಿದ. ಅತ್ತೆ ಹೊರಗೆ ಹೋಗಿ ಆ ಡಬ್ಬಿಯನ್ನೇ ತಂದು ಮೇಜಿನ ಮೇಲಿಟ್ಟಳು. ಮುಚ್ಚಳದ ಸುತ್ತ ಬಣ್ಣ ಕಲ್ಲಾಗಿ ಕೂತಿತ್ತು. ಸುತ್ತಿಗೆಯಿಂದ ಹೊಡೆದರೂ ತೆಗೆಯುವ ಹಾಗಿರಲಿಲ್ಲ.

"ಎಷ್ಟು ದಿನದಿಂದ ರಕ್ತ ಹೋಗ್ತಿದೆ?"

ಅಪ್ಪ ಪತ್ರಿಕೆ ಮಡಿಸಿ ಕೆಳಗಿಟ್ಟ. ಆಮೇಲೆ ನಿಧಾನವಾಗಿ ಬಾಯಿಬಿಟ್ಟ. ಆರು ತಿಂಗಳಿಂದ. ನೋವಿಲ್ಲ. ಒಂದು ದಿನ ಮೂತ್ರ ಕೆಂಪಾಗಿ ಹೋಗುತ್ತದೆ, ಆಮೇಲೆ ಹದಿನೈದು ದಿನ ಏನೂ ಇಲ್ಲ. ಆಸ್ಪತ್ರೆಯಲ್ಲಿ ಪರೀಕ್ಷೆಗೆ ಕೊಟ್ಟ ದಿನ ಇರಲಿಲ್ಲ.

"ಅರ್ಜಿಯಲ್ಲಿ ಕೇಳಿದ್ರಲ್ಲ?"

"ಇಲ್ಲ ಅಂತ ಬರೆದೆ."

"ಅಣ್ಣಾ!"

"ಏನು ಅಣ್ಣಾ? ನಿನಗೇನು ಗೊತ್ತು? ನಲವತ್ತು ವರ್ಷ ಈ ಕೈಯಲ್ಲಿ ಬದುಕಿದೋನು ನಾನು. ಈಗ ಅಂಗಿ ಗುಂಡಿ ಹಾಕ್ಕೊಳ್ಳೋಕೆ ಮಗಳನ್ನ ಕರೀಬೇಕು. ಒಂದು ಔಷಧಿ ಬಂದಿದೆ. ಒಂದು ಹನಿ ರಕ್ತಕ್ಕೋಸ್ಕರ ಬಿಟ್ಟುಬಿಡ್ಲಾ? ಯಾವ ಪುಣ್ಯಾತ್ಮ ಬರೆಸಿದನೋ ಆ ಪ್ರಶ್ನೆ!"

"ನಾನೇ ಬರೆಸಿದ್ದು," ಎಂದಳು ಅತ್ತೆ.

ಚಹಾ ಆರಿಹೋಯಿತು. ಅಪ್ಪ ತಂಗಿಯನ್ನು ನೋಡಿದ ನೋಟ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಹೊರಗಿನವರು ಮೋಸ ಮಾಡಿದರೆ ಹಾಗೆ ನೋಡುವುದಿಲ್ಲ. ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ. ಎರಡು ದಿನ ಅವಳೊಂದಿಗೆ ಮಾತು ಬಿಟ್ಟ. ನಾನು ನಡುವೆ ಸಿಕ್ಕಿ ಇಬ್ಬರ ಮಾತನ್ನೂ ಆಚೀಚೆ ಹೊತ್ತೆ. ಅತ್ತೆಯ ಮೇಲೆ ನನಗೂ ಒಂದು ಗಳಿಗೆ ಸಿಟ್ಟು ಬಂದದ್ದುಂಟು. ಕಂಡೂ ಕಾಣದ ಹಾಗೆ ಇರಬಹುದಿತ್ತಲ್ಲ ಎನ್ನಿಸಿತು. ಹಾಗೆ ಎನ್ನಿಸಿದ್ದಕ್ಕೆ ಆಮೇಲೆ ನಾಚಿಕೆಪಟ್ಟುಕೊಂಡೆ.

ಅತ್ತೆ ಆಸ್ಪತ್ರೆಗೆ ತಾನೇ ಹೋಗಿ ಹೇಳಿಬಿಡಬಹುದಿತ್ತು. ಹೇಳಲಿಲ್ಲ. "ಮೈ ಅವನದು. ಅವನೇ ಹೇಳಬೇಕು. ಮಾತ್ರೆ ಕೊಡೋ ಹಿಂದಿನ ದಿನದವರೆಗೂ ಕಾಯ್ತೀನಿ. ಆಮೇಲೆ ಕಾಯಲ್ಲ," ಎಂದಳು ನನಗೆ. ಮೂರನೇ ದಿನ ಬೆಳಿಗ್ಗೆ ಅಪ್ಪನ ಬಾಗಿಲು ತಟ್ಟಿದಳು.

"ಅಣ್ಣ, ಚಪ್ಪಲಿ ಹಾಕ್ಕೋ. ಮೂವತ್ತು ವರ್ಷ ನನ್ನ ಆಡಿಕೊಂಡೆ, ಒಂದು ದಿನಾನಾದ್ರೂ ನಾನು ಏನು ನೋಡ್ತೀನಿ ಅಂತ ಬಂದು ನೋಡಿದೀಯಾ?"

ಅವನು ಯಾಕೆ ಒಪ್ಪಿದನೋ ಗೊತ್ತಿಲ್ಲ. ನಾವು ಮೂವರೂ ಹೋದೆವು.

ಪ್ರಯೋಗಾಲಯ ಎರಡನೇ ಮಹಡಿಯಲ್ಲಿತ್ತು. ಉದ್ದನೆಯ ಕೋಣೆ, ಎರಡೂ ಬದಿಗೆ ಕಟ್ಟೆ, ಬೆಚ್ಚಗಿನ ಪೆಟ್ಟಿಗೆಗಳ ಗುಂಯ್ ಸದ್ದು. ಪೆಟ್ಟಿಗೆಯ ಬಾಗಿಲು ತೆಗೆದರೆ ಸಾಲು ಸಾಲು ತಟ್ಟೆಗಳಲ್ಲಿ ನಸುಗೆಂಪು ದ್ರವ. ಅತ್ತೆ ಅಲ್ಲಿ ಬೇರೆಯೇ ಹೆಂಗಸು. ಮನೆಯಲ್ಲಿ ಬಾಗಿಲಿಗೆ ಮೊಣಕೈ ತಾಗಿಸಿಕೊಂಡು ಓಡಾಡುವವಳು, ಅಲ್ಲಿ ಒಂದು ಹನಿ ಚೆಲ್ಲದೆ, ಒಂದು ಮುಚ್ಚಳವನ್ನೂ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆರೆದಿಡದೆ ಕೈಯಾಡಿಸುತ್ತಿದ್ದಳು. ಅಪ್ಪ ಅವಳ ಕೈಗಳನ್ನೇ ನೋಡುತ್ತ ನಿಂತ. ಕೈಗೆಲಸದವನಿಗೆ ಕೈಗೆಲಸ ಗೊತ್ತಾಗದೆ ಇರುತ್ತದೆಯೇ?

ದೀಪ ಆರಿಸಿ ಅವನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಅವನ ತಲೆ ಅಲುಗದಂತೆ ನಾನು ಹಿಂದಿನಿಂದ ಮೆಲ್ಲಗೆ ಹಿಡಿದುಕೊಂಡೆ.

"ಕತ್ತಲೆ," ಎಂದ ಅಪ್ಪ. ಆಮೇಲೆ, "ಅಯ್ಯೋ."

"ಏನು ಕಾಣ್ತಿದೆ?"

"ಹಸಿರು. ಚುಕ್ಕೆ ಚುಕ್ಕೆ. ಯಾರು ಇಟ್ರೇ ಇದನ್ನ? ಇಂಥ ಹಸಿರು ನಾನು ಯಾವತ್ತೂ ಕಲಸಿಲ್ಲ."

"ಒಂದೊಂದು ಚುಕ್ಕೆನೂ ಒಂದೊಂದು ಗಂಟು. ಕಸ ಕಟ್ಟಿಕೊಂಡು ಹೋಗ್ತಿರೋ ಗಂಟು. ಕಾಣಲಿ ಅಂತ ಹೊಳೆಯೋ ಬಣ್ಣ ಸೇರಿಸಿದೀವಿ. ಇದು ನರಕೋಶ. ಔಷಧಿ ಕೊಟ್ಟಿದೆ, ಚೆನ್ನಾಗಿ ಗುಡಿಸ್ತಿದೆ. ನಿನ್ನ ತಲೆಯೊಳಗೆ ಹೀಗೆ ಆಗ್ಲಿ ಅಂತ ನನಗಿಂತ ಹೆಚ್ಚು ಯಾರಿಗೂ ಆಸೆ ಇಲ್ಲ ಅಣ್ಣ."

ಅವನು ಕಣ್ಣು ತೆಗೆಯಲೇ ಇಲ್ಲ. ಆಮೇಲೆ ಅವಳು ತಟ್ಟೆ ಬದಲಿಸಿದಳು.

"ಇದೂ ಅದೇ ಹಸಿರು," ಎಂದ.

"ಇದು ಕ್ಯಾನ್ಸರ್ ಕೋಶ. ಮೂರು ದಿನದಿಂದ ಊಟ ಇಲ್ಲ. ಆದ್ರೂ ಹೇಗಿದೆ ನೋಡು. ಕೋಶ ಚೆನ್ನಾಗಿದ್ದಾಗ ಈ ಗುಡಿಸೋ ಕೆಲಸಾನೇ ಕ್ಯಾನ್ಸರ್ ಹುಟ್ಟದ ಹಾಗೆ ಕಾಯುತ್ತೆ, ಕೆಟ್ಟಿದ್ದನ್ನ ಆಗಾಗ್ಲೇ ತೆಗೆದುಹಾಕುತ್ತಲ್ಲ. ಒಮ್ಮೆ ಅದು ಹುಟ್ಟಿಬಿಟ್ರೆ ಅದೇ ವಿದ್ಯೆ ಕಲಿತು ತನ್ನ ಹೊಟ್ಟೆ ಹೊರೆಯುತ್ತೆ. ಔಷಧಿಗೆ ಇದು ನಿನ್ನ ನರಕೋಶ, ಇದು ಮನೆಹಾಳ ಗೆಡ್ಡೆ ಅಂತ ಭೇದ ಗೊತ್ತಾಗಲ್ಲ. ನಿನ್ನೊಳಗೆ ಇದು ಇದ್ಯೋ ಇಲ್ವೋ ನನಗೆ ಗೊತ್ತಿಲ್ಲ. ಬರೀ ಕಲ್ಲಿರಬಹುದು. ಆದ್ರೆ ಗೊತ್ತಿಲ್ಲದೆ ಆ ಮಾತ್ರೆ ನುಂಗಬೇಡ. ನಿನ್ನ ಕೈ ಸರಿಹೋಗ್ಲಿ ಅಂತ ನಿನ್ನನ್ನೇ ಕಳಕೊಳ್ಳೋಕೆ ನನ್ನಿಂದ ಆಗಲ್ಲ."

ಅಪ್ಪ ಇನ್ನೂ ಸ್ವಲ್ಪ ಹೊತ್ತು ಆ ಹಸಿರನ್ನೇ ನೋಡಿದ. "ಎಷ್ಟು ಚಂದ ಇದೆಯಲ್ಲೇ, ಹಾಳಾದ್ದು," ಎಂದ. ಎದ್ದು ನಿಂತು ಅಂಗಿ ಸರಿಮಾಡಿಕೊಂಡ. "ಪಕ್ಕದ ಆಸ್ಪತ್ರೇಲಿ ಆ ಮಾತ್ರೆ ಕೊಡೋ ಡಾಕ್ಟರು ಯಾವ ಮಹಡೀಲಿ ಕೂರ್ತಾರೆ? ಈಗಲೇ ಹೇಳಿಬಿಡ್ತೀನಿ. ನಾಳೆ ಅಂದ್ರೆ ಮತ್ತೆ ಧೈರ್ಯ ಬರಲ್ಲ."

ಅವನೇ ಹೋಗಿ ಹೇಳಿದ. ಸುಳ್ಳು ಬರೆದಿದ್ದೆ ಎಂದೂ ಹೇಳಿದ. ಅರ್ಜಿ ರದ್ದಾಯಿತು. ಅದೇ ವಾರ ಮೂತ್ರಕೋಶದೊಳಗೆ ಸಣ್ಣ ಕೊಳವೆ ಇಳಿಸಿ ನೋಡಿದರು. ಗೋಡೆಯ ಮೇಲೆ ಬಟಾಣಿ ಗಾತ್ರದ ಗೆಡ್ಡೆ ಇತ್ತು. ಒಳಕ್ಕೆ ಬೇರು ಬಿಟ್ಟಿರಲಿಲ್ಲ. ಕೊಳವೆಯಿಂದಲೇ ಕೆರೆದು ತೆಗೆದರು, ಹೊಟ್ಟೆ ಕೊಯ್ಯುವ ಪ್ರಸಂಗ ಬರಲಿಲ್ಲ. ಪರೀಕ್ಷೆಗೆ ಕಳಿಸಿದಾಗ ಕ್ಯಾನ್ಸರ್ ಎಂದೇ ಬಂತು. ಬಣ್ಣದ ಕೆಲಸ ಮಾಡುವವರಲ್ಲಿ ಇದು ಸ್ವಲ್ಪ ಹೆಚ್ಚು ಎಂದು ವೈದ್ಯರು ಹೇಳಿದರು. "ಇನ್ನೊಂದು ವರ್ಷ ಬಿಟ್ಟು ಬಂದಿದ್ರೆ ಮಾತೇ ಬೇರೆ ಆಗ್ತಿತ್ತು. ಯಾರಿಗೆ ಅನುಮಾನ ಬಂದಿದ್ದು?" ಎಂದು ಕೇಳಿದರು. ಅಪ್ಪ ಮಂಚದ ಮೇಲಿಂದ ಅತ್ತೆಯತ್ತ ಗದ್ದ ಎತ್ತಿ ತೋರಿಸಿದ. "ಇವಳಿಗೆ. ಇವಳ ಕಣ್ಣು ತಪ್ಪಿಸಿ ನಮ್ಮನೇಲಿ ಸೊಳ್ಳೆನೂ ಓಡಾಡಲ್ಲ."

ಇದೆಲ್ಲ ಆಗಿ ಮೂರು ವರ್ಷವಾಯಿತು. ಗೆಡ್ಡೆ ಒಮ್ಮೆ ತಿರುಗಿ ಬಂತು, ಜೋಳದ ಕಾಳಿನಷ್ಟು. ತೆಗೆದರು. ಆರು ತಿಂಗಳಿಗೊಮ್ಮೆ ತೋರಿಸುತ್ತಾನೆ. ನಡುಕ ಇದೆ. ಮಾಮೂಲಿ ಮಾತ್ರೆಯಿಂದ ಬೆಳಗಿನ ಎರಡು ಮೂರು ಗಂಟೆ ಕೈ ಮಾತು ಕೇಳುತ್ತದೆ. ಆ ಹೊತ್ತಿನಲ್ಲಿ ತನ್ನ ಅಂಗಿ ಗುಂಡಿ ತಾನೇ ಹಾಕಿಕೊಳ್ಳುತ್ತಾನೆ, ಯಾರೂ ಮುಟ್ಟಬಾರದು. ಹೊಸ ಔಷಧಿಯ ಪರೀಕ್ಷೆ ಇನ್ನೂ ನಡೆದಿದೆ. ಕೆಲವರಲ್ಲಿ ಕಾಯಿಲೆ ಬೆಳೆಯುವುದು ನಿಧಾನವಾದ ಹಾಗಿದೆ, ಖಚಿತವಾಗಿ ಹೇಳಲು ಇನ್ನೂ ಕಾಲ ಬೇಕು ಎನ್ನುತ್ತಾರೆ ಮೇಡಂ. ಗೆಡ್ಡೆಯ ಕೋಶಗಳ ವಿಷಯ ಬರೆದ ಲೇಖನ ಅಚ್ಚಾದಾಗ ಮೊದಲ ಹೆಸರು ಅತ್ತೆಯದಿತ್ತು, ಕೊನೆಯದು ಮೇಡಂ ಅವರದು. ಮೇಡಂ ಕೇಳಿದ್ದರೆ ಅತ್ತೆ ಬೇಡವೆನ್ನುತ್ತಿದ್ದಳು, ಅದಕ್ಕೇ ಅವರು ಕೇಳಲಿಲ್ಲ.

ಕಳೆದ ತಿಂಗಳು ಶಾಲೆಗೆ ರಜೆಯಿತ್ತು. ಅತ್ತೆಗೆ ಊಟ ಕೊಡಲು ಹೋಗಿದ್ದೆ. ಕಟ್ಟೆಯ ಮುಂದೆ ನನಗೆ ಗುರುತಿಲ್ಲದ ವಯಸ್ಸಾದ ಹೆಂಗಸೊಬ್ಬರು, ಅವರ ತೋಳು ಹಿಡಿದ ಸೊಸೆ ನಿಂತಿದ್ದರು. ಪರೀಕ್ಷೆಗೆ ಸೇರಲು ಬಂದಿದ್ದ ಆ ಹಿರಿಯರು ಅರ್ಜಿಯ ಆ ಪ್ರಶ್ನೆ ಓದಿದ ಮೇಲೆಯೇ ತಮ್ಮ ಎದೆಯಲ್ಲಿದ್ದ ಗಂಟಿನ ಸುದ್ದಿ ಎತ್ತಿದರಂತೆ. ಶಸ್ತ್ರಚಿಕಿತ್ಸೆ ಆಗಿ ಚೇತರಿಸಿಕೊಂಡಿದ್ದಾರೆ. ಪ್ರಶ್ನೆ ಸೇರಿಸಿದವರನ್ನು ನೋಡಿಯೇ ಹೋಗಬೇಕೆಂದು ಹಟ ಹಿಡಿದು ಮೆಟ್ಟಿಲು ಹತ್ತಿ ಬಂದಿದ್ದರು.

"ನೀವೇನಾ ತಾಯಿ?" ಎಂದು ನಡುಗುವ ಎರಡೂ ಕೈಯಲ್ಲಿ ಅತ್ತೆಯ ಕೈ ಹಿಡಿದುಕೊಂಡರು.

ಅತ್ತೆ ಕಿವಿಯವರೆಗೂ ಕೆಂಪಾದಳು. "ಮೂರು ಸಲ ಮಾಡಿ ನೋಡಿದ್ವಿ, ಒಬ್ಬಳೇ ಅಲ್ಲ," ಎಂದು ಏನೋ ತಡವರಿಸಿದಳು. ಆ ಹೆಂಗಸು ಕೈ ಬಿಡಲಿಲ್ಲ. ಕೊನೆಗೆ ಅತ್ತೆ ಅವರನ್ನು ಮೆಲ್ಲಗೆ ಕುರ್ಚಿಯಲ್ಲಿ ಕೂರಿಸಿ, ಕಿಟಕಿಯ ಪರದೆ ಎಳೆದಳು.

"ಬಂದಿದ್ದೇ ಬಂದಿದ್ದೀರಿ, ಒಂದು ಚೂರು ನೋಡಿ ಹೋಗಿ," ಎಂದು ಸೂಕ್ಷ್ಮದರ್ಶಕವನ್ನು ಅವರ ಎತ್ತರಕ್ಕೆ ಇಳಿಸತೊಡಗಿದಳು.